ಲೆಕ್ಕಕ್ಕೆ ಬಾರದ ಮರಣಗಳು

ಕಟ್ಟಡದ ಕೆಲಸಕ್ಕೆ ಬಂದ ಸಿಮೆಂಟಿನ ಚೀಲಗಳಿಗೆ ಲೆಕ್ಕವಿರುತ್ತದೆ. ಕಬ್ಬಿಣದ ಸಲಾಕೆಗಳಿಗೆ ತೂಕದ ಚೀಟಿಯಿರುತ್ತದೆ. ಚೀಲವೊಂದು ಹರಿದಿದ್ದರೆ ಅದನ್ನೂ ಕಾರಕೂನನು ಬರೆದಿಡುತ್ತಾನೆ. ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡ ಗೌಂಡಿಯ ಲೆಕ್ಕವು ಮಾತ್ರ ಅನೇಕ ಕಡೆ ಯಾವ ಪುಸ್ತಕದಲ್ಲಿಯೂ ಸಿಗುವದಿಲ್ಲ. ಈ ರೂಢಿಯು ಅನ್ಯಾಯದ್ದು, ಕಾಯದೆಗೆ ವಿರುದ್ಧವಾದದ್ದು, ಇನ್ನೂ ಎಷ್ಟೋ ಜೀವಗಳನ್ನು ಬಲಿಗೊಳ್ಳುವಂಥದು ಎಂದು ನಾವು ನಿಸ್ಸಂಕೋಚವಾಗಿ ಹೇಳುತ್ತೇವೆ.

ದೊಡ್ಡ ಅನಾಹುತಗಳನ್ನು ಯಾರೂ ಮುಚ್ಚಲಾರರು. ೧೯೮೩ನೆಯ ಸಪ್ಟಂಬರದಲ್ಲಿ ಬೆಂಗಳೂರಿನಲ್ಲಿ ಕಟ್ಟುತ್ತಿದ್ದ ಗಂಗಾರಾಮ ಕಟ್ಟಡವು ಕುಸಿದು ನೂರಕ್ಕೂ ಮಿಕ್ಕಿ ಜನರು ಮಡಿದರು. ೨೦೧೯ನೆಯ ಮಾರ್ಚ ೧೯ರಂದು ನಮ್ಮ ಧಾರವಾಡದ ಕುಮಾರೇಶ್ವರ ನಗರದಲ್ಲಿ ಅರ್ಧ ಕಟ್ಟಿದ ಬಹುಮಹಡಿಯ ಕಟ್ಟಡವು ನೆಲಕ್ಕುರುಳಿ ೧೯ ಜನರ ಪ್ರಾಣಹರಣವಾಯಿತು. ೨೦೨೪ನೆಯ ಅಕ್ಟೋಬರದಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಮತ್ತೆ ಅದೇ ಕಥೆ. ಅಂಥ ದಿನಗಳಲ್ಲಿ ಮಂತ್ರಿಗಳು ಬರುತ್ತಾರೆ, ಪರಿಹಾರ ಘೋಷಿತವಾಗುತ್ತದೆ, ವಿಚಾರಣೆಗೆ ಅಪ್ಪಣೆಯಾಗುತ್ತದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಈ ಉತ್ಸಾಹವಾದರೂ ಗುಂಪಾಗಿ ಸತ್ತವರ ಪಾಲಿಗೆ ಮಾತ್ರ. ಒಬ್ಬೊಬ್ಬರಾಗಿ ಸಾಯುವವರ ಗತಿಯೇನು?

ಯಾದಗಿರಿ, ರಾಯಚೂರು, ಕಲಬುರ್ಗಿಗಳ ಕಡೆಯಿಂದ ಗುಳೆ ಹೊರಟು ಬಂದ ಕೂಲಿಕಾರನೊಬ್ಬನು ಮೂರನೆಯ ಮಹಡಿಯಿಂದ ಬಿದ್ದನೆನ್ನಿರಿ. ಮೇಸ್ತ್ರಿಯು ಅವನನ್ನು ಸಿಕ್ಕ ಗಾಡಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ಯುತ್ತಾನೆ. 'ಮೆಟ್ಟಿಲಿನಿಂದ ಜಾರಿ ಬಿದ್ದ' ಎಂದು ಅಲ್ಲಿ ಬರೆಯಿಸುತ್ತಾನೆ. ಬದುಕಿದರೆ ಕೈಯಲ್ಲಿ ನಾಲ್ಕು ಕಾಸು, ಕಾಗದದ ಮೇಲೊಂದು ಹೆಬ್ಬೆಟ್ಟು, ಊರಿಗೆ ಹೋಗುವ ರೈಲಿನ ಚೀಟಿ. ಸತ್ತರೆ ಪೋಲೀಸರ ದಫ್ತರದಲ್ಲಿ 'ಅಸ್ವಾಭಾವಿಕ ಮರಣ' ಎಂಬ ಒಂದು ಸಾಲು. ದಿಲ್ಲಿಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸುವ ಆಕಸ್ಮಿಕ ಮರಣಗಳ ಪಟ್ಟಿಯಲ್ಲಿ ಇಂಥವನು 'ಎತ್ತರದಿಂದ ಬಿದ್ದವರು' ಎಂಬ ಕೋಷ್ಟಕವನ್ನು ಸೇರುತ್ತಾನೆ. ತನ್ನ ಮನೆಯ ಮಾಳಿಗೆಯಿಂದ ಬಿದ್ದವನೋ ಪರರ ಮಹಲನ್ನು ಕಟ್ಟುತ್ತ ಬಿದ್ದವನೋ ಎಂಬುದನ್ನು ಆ ಕೋಷ್ಟಕವು ಹೇಳುವದಿಲ್ಲ.

ಕಾಯದೆಯಿಲ್ಲವೆಂದು ಯಾರೂ ನೆವ ಹೇಳಬಾರದು. ಕಟ್ಟಡ ಕಾರ್ಮಿಕರ ಸಲುವಾಗಿ ೧೯೯೬ರಲ್ಲಿ ಆದ ಕಾಯದೆಯ ೩೯ನೆಯ ಕಲಮು ಸ್ಪಷ್ಟವಾಗಿತ್ತು: ಅಪಘಾತದಿಂದ ಮರಣವಾದರೆ, ಇಲ್ಲವೆ ಗಾಯಗೊಂಡವನು ೪೮ ತಾಸು ಕೆಲಸ ಮಾಡಲಾರದಂತಾದರೆ, ಮಾಲಿಕನು ಅಧಿಕಾರಿಗಳಿಗೆ ತಿಳಿಸತಕ್ಕದ್ದು. ಅದರ ಸ್ಥಾನಕ್ಕೆ ಬಂದು ೨೦೨೫ನೆಯ ನವೆಂಬರ ೨೧ರಿಂದ ಜಾರಿಯಾದ ೨೦೨೦ರ ಔದ್ಯೋಗಿಕ ಸುರಕ್ಷತಾ ಸಂಹಿತೆಯೂ ಅದೇ ೪೮ ತಾಸಿನ ಕಟ್ಟಳೆಯನ್ನು ಉಳಿಸಿಕೊಂಡಿದೆ. ಹಳೆಯ ಕಾಯದೆಯು ಐವರು ಅಥವಾ ಹೆಚ್ಚು ಜನ ಸತ್ತಾಗ ಮಾತ್ರ ಒಂದು ತಿಂಗಳೊಳಗೆ ವಿಚಾರಣೆಯಾಗಬೇಕೆಂದಿತ್ತು. ಹೊಸದು ಕಟ್ಟಡ ಕೆಲಸದಲ್ಲಿ ಒಂದೇ ಮರಣವಾದರೂ ಸೂಚನೆ ತಲುಪಿದ ಎರಡು ತಿಂಗಳೊಳಗೆ ವಿಚಾರಣೆ ನಡೆಯಬೇಕೆನ್ನುತ್ತದೆ. ಒಳ್ಳೆಯ ಮಾತು. ಆದರೆ ಸೂಚನೆಯೇ ಹೋಗದಿದ್ದರೆ ವಿಚಾರಣೆಯು ಎಲ್ಲಿಂದ ಹುಟ್ಟಬೇಕು?

ಬರೆದಿಟ್ಟರೆ ಸತ್ತವನು ಎದ್ದು ಬರುವನೇ ಎಂದು ಕೆಲವರು ಕೇಳಬಹುದು. ಅವನು ಬರಲಾರನು, ನಿಜ. ಆದರೆ ಅವನ ಹೆಂಡತಿ ಪರಿಹಾರ ಕೇಳಲು ಬಂದಾಗ, ಅವನು ಆ ಕೆಲಸದವನೇ ಅಲ್ಲವೆಂದು ಗುತ್ತಿಗೆದಾರನು ಕೈ ಝಾಡಿಸಿಬಿಡುತ್ತಾನೆ. ಹಾಜರಿಪಟ್ಟಿಯಲ್ಲಿ ಹೆಸರಿಲ್ಲ, ಅಪಘಾತದ ಪುಸ್ತಕದಲ್ಲಿ ಸಾಲಿಲ್ಲ. ಕೆಲಸದಲ್ಲಿ ಸತ್ತವನ ಕುಟುಂಬಕ್ಕೆ ಪರಿಹಾರ ಕೊಡಬೇಕೆಂಬ ತತ್ವವನ್ನು ೧೯೨೩ರಷ್ಟು ಹಿಂದೆ, ಪರಕೀಯರ ಆಳಿಕೆಯಲ್ಲಿಯೇ, ಕಾಯದೆಯು ಒಪ್ಪಿತು. ಆ ಹಕ್ಕನ್ನು ಸ್ವತಂತ್ರ ದೇಶದಲ್ಲಿ ಒಂದು ಸಾಲಿನ ಬರಹದ ಅಭಾವವು ಕಸಿದುಕೊಳ್ಳುವದಾದರೆ ನಾವು ನಾಚಬೇಕು.

ಬರಹದ ಉಪಯೋಗವು ಬದುಕಿರುವವರಿಗೆ ಇನ್ನೂ ಹೆಚ್ಚಿನದು. ಗಣಿಗಳನ್ನು ನೋಡಿರಿ. ಚಾವಣಿ ಕುಸಿದು ಸತ್ತವರೆಷ್ಟು, ಯಂತ್ರಕ್ಕೆ ಸಿಕ್ಕವರೆಷ್ಟು, ಸ್ಫೋಟದಿಂದ ಎಷ್ಟು ಎಂದು ಧನಬಾದದ ಗಣಿ ಸುರಕ್ಷತಾ ಮಹಾನಿರ್ದೇಶನಾಲಯವು ಕಾರಣಸಹಿತವಾಗಿ ವಿಂಗಡಿಸಿ ಪ್ರಕಟಿಸುತ್ತದೆ. ರೋಗವಾವುದೆಂದು ತಿಳಿದರೆ ತಾನೆ ಔಷಧ? ಕಟ್ಟಡ ಕೆಲಸದಲ್ಲಿ ಸಾರುವೆಯ ಹಲಗೆ ಮುರಿದು ಬಿದ್ದವರೆಷ್ಟು, ಲಿಫ್ಟಿನ ತೆರೆದ ಹೊಂಡಕ್ಕೆ ಉರುಳಿದವರೆಷ್ಟು, ಪಾಯದ ಮಣ್ಣು ಜರಿದು ಹೂತುಹೋದವರೆಷ್ಟು ಎಂಬುದನ್ನು ಯಾರು ಹೇಳಬೇಕು? ಆಳು ಕುಡಿದಿದ್ದ, ಎಚ್ಚರತಪ್ಪಿದ, ಅವನ ಹಣೆಬರಹ ಎಂಬ ಮೂರು ಉತ್ತರಗಳು ಎಲ್ಲ ಕಡೆಗೂ ಸಿದ್ಧವಾಗಿವೆ. ಹಣೆಬರಹವನ್ನು ಓದಬಲ್ಲ ಮಾಲಿಕನಿಗೆ ಪುಸ್ತಕದ ಬರಹವೇಕೆ ಭಾರವಾಗಬೇಕು?

ಇನ್ನೊಂದು ಕಪಟವನ್ನೂ ಹೇಳಬೇಕು. ದೊಡ್ಡ ಕೆಲಸಗಳ ಬಾಗಿಲಲ್ಲಿ 'ಅಪಘಾತವಿಲ್ಲದೆ ಇಷ್ಟು ದಿನಗಳು' ಎಂಬ ಫಲಕವಿರುತ್ತದೆ. ಆ ಅಂಕಿಯು ಏರುತ್ತ ಹೋದಂತೆ ಬಹುಮಾನ, ಹೊಗಳಿಕೆ, ಮುಂದಿನ ಗುತ್ತಿಗೆ. ಅಂಕಿಯು ಸೊನ್ನೆಗಿಳಿದರೆ ಎಲ್ಲರಿಗೂ ಮುಖಭಂಗ. ಬೆರಳು ಜಜ್ಜಿದವನು ಬಟ್ಟೆ ಸುತ್ತಿಕೊಂಡು ಸುಮ್ಮನಿರುವದೇ ಇಂಥ ಕಡೆ ಸದಾಚಾರವಾಗುತ್ತದೆ. ಸಣ್ಣ ಗಾಯಗಳನ್ನೂ, ಕೂದಲೆಳೆಯಲ್ಲಿ ತಪ್ಪಿದ ಅಪಾಯಗಳನ್ನೂ ಬರೆದಿಡುವ ಕಟ್ಟಡವೇ ನಿಜವಾಗಿ ಜಾಗರೂಕವಾದದ್ದು. ಇಂದು ತಲೆಯ ಪಕ್ಕಕ್ಕೆ ಬಿದ್ದ ಇಟ್ಟಿಗೆಯು ನಾಳೆ ತಲೆಯ ಮೇಲೆಯೇ ಬೀಳುವದು. ಖಾಲಿ ಪುಸ್ತಕವನ್ನು ಪುಣ್ಯದ ಸಾಕ್ಷಿಯೆಂದು ಅಧಿಕಾರಿಗಳು ನಂಬಬಾರದು. ಅದನ್ನೇ ಅವರು ಮೊದಲು ಸಂಶಯಿಸಬೇಕು.

ವಾಚಕರು ಇದನ್ನೆಲ್ಲ ದೊಡ್ಡ ಗುತ್ತಿಗೆದಾರರ ಪಾಪವೆಂದು ತಿಳಿದು ನಿಶ್ಚಿಂತರಾಗಬಾರದು. ಹತ್ತಕ್ಕಿಂತ ಕಡಿಮೆ ಜನರು ದುಡಿಯುವ ಕಟ್ಟಡಗಳನ್ನೂ, ಸ್ವಂತ ವಾಸಕ್ಕಾಗಿ ೫೦ ಲಕ್ಷ ರೂಪಾಯಿಯೊಳಗೆ ಕಟ್ಟುವ ಮನೆಗಳನ್ನೂ ಹೊಸ ಸಂಹಿತೆಯು ಕಟ್ಟಡ ಕೆಲಸದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಅಂದರೆ ಶಾಲಾಮಾಸ್ತರನು ಸಾಲ ತೆಗೆದು ಕಟ್ಟಿಸುವ ಮನೆ, ವಕೀಲನು ಏರಿಸುವ ಮೇಲ್ಮಾಳಿಗೆ, ಇವುಗಳತ್ತ ಈ ಕಾಯದೆಯು ನೋಡುವದೇ ಇಲ್ಲ. ಕಾಯದೆ ನೋಡದ ಕಡೆ ಮನೆಯ ಯಜಮಾನನ ಮನಸ್ಸಾಕ್ಷಿಯೇ ನೋಡಬೇಕು.

ಭಾಷೆಯ ಮಾತೂ ಇಲ್ಲಿ ಬರುತ್ತದೆ. ಅಪಘಾತದ ನಮೂನೆಯು ಇಂಗ್ಲಿಷಿನಲ್ಲಿದ್ದರೆ ಗೌಂಡಿಗೆ ಅದು ತಿಳಿಯದು, ಮೇಸ್ತ್ರಿಗೂ ತಿಳಿಯದು. ತನ್ನ ಕಾಲು ಹೇಗೆ ಮುರಿಯಿತೆಂಬುದನ್ನು ಬರೆದ ಕಾಗದವನ್ನು ಓದಲಾರದವನು ಅದು ಸುಳ್ಳೆಂದು ಹೇಗೆ ಹೇಳಿಯಾನು? ಆ ಪುಸ್ತಕವು ಕನ್ನಡದಲ್ಲಿರಲಿ. ಬಿಹಾರ, ಒಡಿಶಾ, ಬಂಗಾಲಗಳಿಂದ ಬಂದ ಕೂಲಿಕಾರನಿಗೆ ಅವನ ನುಡಿಯಲ್ಲಿಯೇ ಓದಿ ಹೇಳಿ ರುಜು ಹಾಕಿಸಲಿ. ನಮ್ಮ ನುಡಿಗೆ ನಾವು ಬೇಡುವ ಗೌರವವನ್ನು ಅವರ ನುಡಿಗೂ ಕೊಡುವದು ನಮ್ಮ ಧರ್ಮ.

ನಮ್ಮ ಬೇಡಿಕೆಗಳು ಮೂರೇ. ಒಂದು, ಕೆಲಸಕ್ಕೆ ಬಂದ ದಿನವೇ ಆಳಿನ ಹೆಸರು ಹಾಜರಿಪಟ್ಟಿಗೆ ಏರಬೇಕು. ಎರಡು, ಕಟ್ಟಡದ ಕೆಲಸದಿಂದ ಬಂದ ಗಾಯಾಳುವನ್ನು ಆಸ್ಪತ್ರೆಯವರೂ, ಮರಣವನ್ನು ಪೋಲೀಸರೂ ಕಾರ್ಮಿಕ ಇಲಾಖೆಗೆ ನೇರವಾಗಿ ತಿಳಿಸಬೇಕು. ಆಗ ಮಾಲಿಕನ ಮೌನವು ಸಾಲದು. ಮೂರು, ಜಿಲ್ಲೆವಾರು ಅಪಘಾತಗಳ ಪಟ್ಟಿಯನ್ನು ಕಾರಣಸಹಿತವಾಗಿ ಸರಕಾರವು ವರ್ಷವರ್ಷವೂ ಪ್ರಕಟಿಸಬೇಕು. ಇದಕ್ಕೆ ಬೊಕ್ಕಸ ಬರಿದಾಗದು. ಒಂದು ಪುಸ್ತಕ, ಒಂದು ಲೇಖನಿ, ಸತ್ಯ ಬರೆಯುವ ಕೈ, ಇಷ್ಟು ಸಾಕು.

ನಿಮ್ಮ ಓಣಿಯಲ್ಲಿ ಏಳುತ್ತಿರುವ ಕಟ್ಟಡಕ್ಕೆ ನಾಳೆ ಹೋಗಿ, ಅಪಘಾತದ ಪುಸ್ತಕವನ್ನು ತೋರಿಸಿರೆಂದು ಕೇಳಿರಿ. ಪುಸ್ತಕವಿಲ್ಲವೆಂದರೆ ಏಕಿಲ್ಲವೆಂದು ಕೇಳಿರಿ. ಆ ಪ್ರಶ್ನೆಯನ್ನು ಹತ್ತು ಜನ ಕೇಳಿದ ಊರಿನಲ್ಲಿ ಹನ್ನೊಂದನೆಯವನು ಸುಳ್ಳು ಬರೆಯಿಸಲು ಹಿಂದೆಗೆಯುವನು.