ಹೃದಯದ ಕವಾಟವೂ ಮಲೆನಾಡಿನ ರೋಗಿಯೂ

ಹೃದಯದ ಕವಾಟವನ್ನು ಬದಲಾಯಿಸುವ ಶಸ್ತ್ರಕ್ರಿಯೆಯು ನಮ್ಮ ಜನರಿಗೆ ಈಗ ಅಪೂರ್ವವಾದುದೇನೂ ಅಲ್ಲ. 1960ರಲ್ಲಿ ಅಮೆರಿಕದ ಶಸ್ತ್ರವೈದ್ಯರಾದ ಹಾರ್ಕೆನ್ ಮತ್ತು ಸ್ಟಾರ್ ಅವರು ಕೃತಕ ಕವಾಟವನ್ನು ಸಹಜ ಕವಾಟದ ಸ್ಥಾನದಲ್ಲಿಯೇ ಕೂರಿಸಿ ರೋಗಿಯನ್ನು ಬದುಕಿಸಿದಾಗ ಲೋಕವು ಬೆರಗಾಯಿತು. ಇಂದು ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿಯೂ, ಅದರ ಮೈಸೂರಿನ ಶಾಖೆಯಲ್ಲಿಯೂ, ಮಂಗಳೂರು ಮಣಿಪಾಲಗಳ ದೊಡ್ಡ ಆಸ್ಪತ್ರೆಗಳಲ್ಲಿಯೂ ಈ ಕಾರ್ಯವು ನಡೆಯುತ್ತಿರುವುದು. ಕಳಸದ ತೋಟದಿಂದ ಹೊರಟ ಬಡವನೂ ಹೊಸ ಕವಾಟವನ್ನು ಪಡೆದು ಮನೆಗೆ ಮರಳುವ ಕಾಲ ಬಂದಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಮರಳಿದ ಮೇಲೆ ಅವನು ಹೇಗೆ ಬಾಳಬೇಕೆಂಬುದನ್ನು ಶಸ್ತ್ರಕ್ರಿಯೆಗೆ ಮುನ್ನವೇ ಅವನಿಗೂ ಅವನ ಮನೆಯವರಿಗೂ ಬಿಡಿಸಿ ಹೇಳುವುದು ಸಾಲದಾಗಿದೆಯೆಂದು ನಾವು ಬಲ್ಲೆವು. ಆದುದರಿಂದ ಈ ವಿಷಯದಲ್ಲಿ ನಾಲ್ಕು ಮಾತುಗಳನ್ನು ಬರೆಯುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಹೃದಯದಲ್ಲಿ ನಾಲ್ಕು ಕವಾಟಗಳಿವೆ. ದಿನವೊಂದಕ್ಕೆ ಸುಮಾರು 1 ಲಕ್ಷ ಬಾರಿ ಅವು ತೆರೆದು ಮುಚ್ಚಿ ರಕ್ತವನ್ನು ಒಂದೇ ದಿಕ್ಕಿಗೆ ಸಾಗಿಸುತ್ತವೆ. ಕವಾಟವು ಕಿರಿದಾದರೆ ರಕ್ತವು ಮುಂದೆ ಸರಾಗವಾಗಿ ಹೋಗದು. ಸೋರಿದರೆ ಹಿಂದಕ್ಕೆ ಮರಳುವುದು. ಪಾಶ್ಚಾತ್ಯ ದೇಶಗಳಲ್ಲಿ ಇದು ಈಗ ಬಹುಮಟ್ಟಿಗೆ ವೃದ್ಧರ ರೋಗ. ನಮ್ಮಲ್ಲಿಯಾದರೋ ಅದು ಎಳೆಯರನ್ನೂ ದುಡಿಯುವ ವಯಸ್ಸಿನವರನ್ನೂ ಹಿಡಿಯುವುದು. ಇದಕ್ಕೆ ಕಾರಣವು ರುಮ್ಯಾಟಿಕ್ ಜ್ವರ. ಬಾಲ್ಯದಲ್ಲಿ ಬಂದ ಗಂಟಲುನೋವನ್ನು ಅಲಕ್ಷಿಸಿದರೆ, ಕೆಲವು ವಾರಗಳ ಮೇಲೆ ಜ್ವರವೂ ಕೀಲುಗಳ ಊತವೂ ಕೆಲವರಲ್ಲಿ ಕಾಣಿಸಿಕೊಳ್ಳುತ್ತವೆ. ಕೀಲುಗಳು ವಾಸಿಯಾಗುವುವು, ಕವಾಟದ ಗಾಯವು ಉಳಿದು ವರ್ಷವರ್ಷಕ್ಕೆ ಬಲಿಯುವುದು. ಒಂದೇ ಕೋಣೆಯಲ್ಲಿ ಹಲವರು ಮಲಗುವ ಮನೆಗಳಲ್ಲಿ ಈ ಗಂಟಲಿನ ಸೋಂಕು ಬೇಗ ಹರಡುವುದರಿಂದ ನಮ್ಮ ತೋಟಗಳ ಲೈನ್ ಮನೆಗಳಿಗೆ ಈ ಮಾತು ವಿಶೇಷವಾಗಿ ಅನ್ವಯಿಸುವುದು. ಹಣ್ಣಿನ ಚೀಲ ಹೊತ್ತು ಏರು ಹತ್ತುವಾಗ ಏದುಸಿರು ಬಿಡುವ ಹೆಂಗಸು ತನಗೆ ರಕ್ತ ಕಡಿಮೆಯೆಂದುಕೊಂಡು ಸುಮ್ಮನಿರುತ್ತಾಳೆ. ಬಸಿರಾದಾಗ ರೋಗವು ಒಮ್ಮೆಲೇ ಬಯಲಾಗುವುದು.

ಕವಾಟ ಕೆಟ್ಟವರೆಲ್ಲರಿಗೂ ಬದಲಾವಣೆಯೇ ಗತಿಯೆಂದು ತಿಳಿಯಬೇಕಾಗಿಲ್ಲ. ಕಿರಿದಾದ ಕವಾಟವನ್ನು ತೊಡೆಯ ರಕ್ತನಾಳದ ಮೂಲಕ ಬಲೂನ್ ಕಳಿಸಿ ಹಿಗ್ಗಿಸುವುದು ಅನೇಕರಿಗೆ ಸಾಕಾಗುವುದು. ಕೆಲವರ ಕವಾಟವನ್ನು ದುರಸ್ತಿ ಮಾಡಬಹುದು. ತನಗೆ ಇವುಗಳಲ್ಲಿ ಒಂದು ಒಪ್ಪುವುದೇ ಎಂದು ಡಾಕ್ಟರನ್ನು ಕೇಳುವುದು ರೋಗಿಯ ಹಕ್ಕು. ಕೇಳಿದುದಕ್ಕೆ ಯಾವ ಸದ್ವೈದ್ಯನೂ ಬೇಸರಪಡನು.

ಬದಲಾಯಿಸಲೇಬೇಕಾದರೆ ಕವಾಟಗಳಲ್ಲಿ ಎರಡು ಬಗೆಯುಂಟು. ಮೊದಲನೆಯದು ಲೋಹ, ಇಂಗಾಲ ಮೊದಲಾದವುಗಳಿಂದ ಮಾಡಿದ ಯಾಂತ್ರಿಕ ಕವಾಟ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾಕ್ಟರ್ ವಲಿಯತ್ತಾನ್ ಅವರೂ ಅವರ ಸಹೋದ್ಯೋಗಿಗಳೂ, ಮೊದಲ ಮೂರು ಮಾದರಿಗಳು ವಿಫಲವಾದರೂ ಎದೆಗುಂದದೆ ನಾಲ್ಕನೆಯದನ್ನು ನಿರ್ಮಿಸಿ, 1990ರ ಡಿಸೆಂಬರಿನಲ್ಲಿ ಮೊದಲ ಬಾರಿ ರೋಗಿಯೊಬ್ಬನಿಗೆ ಅಳವಡಿಸಿದ ಚಿತ್ರಾ ಕವಾಟವು ಈ ಜಾತಿಯದು. ಪರದೇಶದ ಕವಾಟದ ಬೆಲೆ ತೆರಲಾರದ ಬಡವರಿಗೆ ಈ ಸ್ವದೇಶಿ ಕವಾಟವು ಮಾಡಿರುವ ಉಪಕಾರವು ಸಾಮಾನ್ಯವಾದುದಲ್ಲ. ಎರಡನೆಯದು ಹಂದಿಯ ಕವಾಟದಿಂದಾಗಲಿ ದನದ ಹೃದಯದ ಹೊರಪೊರೆಯಿಂದಾಗಲಿ ಸಂಸ್ಕರಿಸಿ ಮಾಡಿದ ಜೈವಿಕ ಕವಾಟ. ಇದರ ಮೂಲವು ಯಾವುದೆಂಬುದನ್ನು ಮನಸ್ಸಿಗೆ ಹಚ್ಚಿಕೊಳ್ಳುವವರು ಮೊದಲೇ ವಿಚಾರಿಸಿ ತೀರ್ಮಾನಿಸುವುದು ಒಳ್ಳೆಯದು.

ಯಾಂತ್ರಿಕ ಕವಾಟವು ಬಹುಕಾಲ ಬಾಳುವುದು. ಆದರೆ ಅದರ ಮೇಲೆ ರಕ್ತವು ಹೆಪ್ಪುಗಟ್ಟುವ ಭಯವಿರುವುದರಿಂದ ರಕ್ತವನ್ನು ತೆಳುವಾಗಿಡುವ ವಾರ್ಫರಿನ್ ಅಥವಾ ಆಸಿಟ್ರೋಮ್ ಜಾತಿಯ ಮಾತ್ರೆಯನ್ನು ಜೀವಮಾನವಿಡೀ ನುಂಗಬೇಕು. ಜೈವಿಕ ಕವಾಟಕ್ಕೆ ಸಾಮಾನ್ಯವಾಗಿ ಕೆಲವು ತಿಂಗಳ ಮಾತ್ರೆ ಸಾಕು. ಆದರೆ ಅದು 10ರಿಂದ 15 ವರ್ಷಗಳಲ್ಲಿ, ಎಳೆಯರಲ್ಲಿ ಅದಕ್ಕೂ ಮುನ್ನವೇ ಸವೆಯುವುದರಿಂದ ಮತ್ತೊಂದು ಶಸ್ತ್ರಕ್ರಿಯೆಗೆ ಸಿದ್ಧವಿರಬೇಕು. ತಾಯಿಯಾಗಲಿರುವ ಹೆಣ್ಣುಮಕ್ಕಳು ಈ ಆಯ್ಕೆಯನ್ನು ಇನ್ನೂ ಎಚ್ಚರದಿಂದ ಮಾಡತಕ್ಕದ್ದು. ವಾರ್ಫರಿನ್ ಗರ್ಭದ ಮೊದಲ ತಿಂಗಳುಗಳಲ್ಲಿ ಶಿಶುವಿಗೆ ಕೇಡುಂಟುಮಾಡಬಲ್ಲುದು. ಹೆದರಿ ತಾನಾಗಿ ಮಾತ್ರೆ ನಿಲ್ಲಿಸಿದರೆ ತಾಯಿಗೇ ಅಪಾಯ. ಮದುವೆಯ ಮಾತುಕತೆಯಲ್ಲಿ ಈ ಸಂಗತಿಯನ್ನು ಮುಚ್ಚಿಡುವುದು ಆ ಹುಡುಗಿಗೆ ಮಾಡುವ ದ್ರೋಹವೆಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಈ ಮಾತ್ರೆಯ ಪ್ರಮಾಣವು ಎಲ್ಲರಿಗೂ ಒಂದೇ ಅಲ್ಲ, ಒಬ್ಬನಿಗೇ ಎಲ್ಲ ಕಾಲಕ್ಕೂ ಒಂದೇ ಅಲ್ಲ. ಐ.ಎನ್.ಆರ್. ಎಂಬ ರಕ್ತಪರೀಕ್ಷೆಯಿಂದ ಅದನ್ನು ಗೊತ್ತುಮಾಡಬೇಕು. ಯಾಂತ್ರಿಕ ಕವಾಟವಿರುವವರಲ್ಲಿ ಈ ಅಂಕಿಯು ಸಾಮಾನ್ಯವಾಗಿ 2ರಿಂದ 3.5ರ ಒಳಗೆ, ಕವಾಟದ ಸ್ಥಾನಕ್ಕನುಸಾರವಾಗಿ ವೈದ್ಯರು ಹೇಳಿದ ಮಿತಿಯಲ್ಲಿ ಇರತಕ್ಕದ್ದು. ಇಳಿದರೆ ಹೆಪ್ಪುಗಟ್ಟಿ ಕವಾಟ ಸಿಕ್ಕಿಕೊಳ್ಳಬಹುದು, ಇಲ್ಲವೇ ಪಾರ್ಶ್ವವಾಯು ಬಡಿಯಬಹುದು. ಏರಿದರೆ ಮೆದುಳಿನಲ್ಲಿಯೋ ಹೊಟ್ಟೆಯಲ್ಲಿಯೋ ರಕ್ತಸ್ರಾವವಾಗಬಹುದು. ಅಂಕಿಯು ಸ್ಥಿರವಾದ ಮೇಲೂ ತಿಂಗಳಿಗೊಮ್ಮೆಯಾದರೂ ಪರೀಕ್ಷೆಯಾಗುತ್ತಿರಬೇಕು. ಪರೀಕ್ಷೆಯ ಗೊಡವೆಯಿಲ್ಲದ ಹೊಸ ಮಾತ್ರೆಗಳು ಬಂದಿವೆಯಾದರೂ ಅವು ಯಾಂತ್ರಿಕ ಕವಾಟದವರಿಗೆ ಸಲ್ಲವು; ಅವುಗಳಲ್ಲೊಂದನ್ನು ಇಂಥ ರೋಗಿಗಳ ಮೇಲೆ ನಡೆಸಿದ ಪ್ರಯೋಗವನ್ನು ಅಪಾಯ ಕಂಡು ನಡುವೆಯೇ ನಿಲ್ಲಿಸಬೇಕಾಯಿತೆಂಬುದು 2013ರಲ್ಲಿ ಪ್ರಕಟವಾಗಿದೆ.

ಬೆಂಗಳೂರಿನ ರೋಗಿಗೆ ಈ ಪರೀಕ್ಷೆಯು ಮುಂಜಾನೆಯ ಕೆಲಸ. ಕಳಸದ ರೋಗಿಯನ್ನು ನೆನೆಯಿರಿ. ಜಿಲ್ಲಾ ಕೇಂದ್ರವು ಸುಮಾರು 90 ಕಿಲೋಮೀಟರು ದೂರ. ಮಳೆಗಾಲದಲ್ಲಿ ಭದ್ರೆಯು ಉಕ್ಕಿ ಹೆಬ್ಬಾಳೆಯ ಸೇತುವೆ ಮುಳುಗುವುದು; 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಘಾಟಿಯೇ ಮುಚ್ಚಿಹೋಗಿ ಮೂಡಿಗೆರೆಯವರಿಗೆ ಮಂಗಳೂರಿನ ನೇರದಾರಿ ತಪ್ಪಿದುದನ್ನು ಯಾರೂ ಮರೆತಿಲ್ಲ. ಒಂದು ದಿನದ ಕೂಲಿ, ಬಸ್ಸಿನ ಖರ್ಚು, ಜೊತೆಗೊಬ್ಬರು. ಇಷ್ಟನ್ನು ತಿಂಗಳು ತಿಂಗಳೂ ಹೊಂದಿಸಲಾರದವನು ಪರೀಕ್ಷೆಯನ್ನು ಬಿಡುತ್ತಾನೆ, ಮೈ ಹಗುರವಾಯಿತೆಂದು ಕ್ರಮೇಣ ಮಾತ್ರೆಯನ್ನೂ ಬಿಡುತ್ತಾನೆ. ಲಕ್ಷಗಟ್ಟಲೆ ವೆಚ್ಚದಿಂದ ಉಳಿದ ಜೀವವು ಕೆಲವು ರೂಪಾಯಿಗಳ ಮಾತ್ರೆಯಿಲ್ಲದೆ ಹೋಗುವುದು. ಇದಕ್ಕಿಂತ ವಿಷಾದಕರವಾದುದು ಇನ್ನೇನಿದೆ? ಆದುದರಿಂದ ಯಾವ ಕವಾಟವೆಂದು ಒಪ್ಪುವ ಮುನ್ನ ನಮ್ಮ ಕಡೆಯ ರೋಗಿಯು ಕೇಳಬೇಕಾದ ಮೊದಲ ಪ್ರಶ್ನೆ, ತನ್ನೂರಿಗೆ ಅತಿ ಸಮೀಪದಲ್ಲಿ ಈ ಪರೀಕ್ಷೆ ಎಲ್ಲಿ ಆಗುವುದು, ಮಳೆಗಾಲದಲ್ಲಿ ಅಲ್ಲಿಗೆ ತಲುಪಬಹುದೇ ಎಂಬುದು.

ದಿನಚರಿಯಲ್ಲಿಯೂ ಕೆಲವು ನಿಯಮಗಳುಂಟು. ಸೊಪ್ಪುಗಳಲ್ಲಿರುವ ಕೆ ಜೀವಸತ್ವವು ಈ ಮಾತ್ರೆಯ ಬಲವನ್ನು ಕುಗ್ಗಿಸುವುದು. ಹಾಗೆಂದು ಸೊಪ್ಪನ್ನೇ ತ್ಯಜಿಸಬೇಕಾಗಿಲ್ಲ. ವರ್ಷವಿಡೀ ಒಂದೇ ಹದದಲ್ಲಿ ತಿನ್ನಬೇಕು. ಆಷಾಢದಲ್ಲಿ ವಾರಗಟ್ಟಲೆ ಕೆಸುವಿನ ಪತ್ರೊಡೆ ತಿಂದು ಮತ್ತೆ ಒಮ್ಮೆಲೇ ಬಿಡುವುದು ತರವಲ್ಲ. ಮೈಕೈ ನೋವಿಗೆಂದು ಅಂಗಡಿಯಿಂದ ತಂದ ಮಾತ್ರೆ, ಗುಣವರಿಯದ ನಾಟಿ ಕಷಾಯ, ಮದ್ಯ, ಇವು ರಕ್ತಸ್ರಾವಕ್ಕೆ ದಾರಿ. ಕಾಳುಮೆಣಸು ಕೊಯ್ಯಲು ಏಣಿ ಹತ್ತುವುದು, ಕತ್ತಿ ಹಿಡಿದು ಕಳೆ ಸವರುವುದು ಇಂಥವನಿಗೆ ತಕ್ಕ ಕೆಲಸಗಳಲ್ಲ. ಇಂಬಳ ಕಚ್ಚಿದ ಗಾಯವೂ ಅವನಲ್ಲಿ ಹೆಚ್ಚು ಹೊತ್ತು ಒಸರುವುದು. ತೋಟದ ಯಜಮಾನರು ಅವನನ್ನು ಬಿಡಿಸದೆ ಕಣದಲ್ಲಿಯೋ ನರ್ಸರಿಯಲ್ಲಿಯೋ ಹಗುರವಾದ ಕೆಲಸ ಕೊಡುವುದು ನ್ಯಾಯ. ಹಲ್ಲು ಕೀಳಿಸುವ ಮುನ್ನ ಕವಾಟದ ಸಂಗತಿಯನ್ನು ದಂತವೈದ್ಯನಿಗೆ ತಿಳಿಸಬೇಕು, ಏಕೆಂದರೆ ಬಾಯಿಯ ಸೋಂಕು ಕವಾಟಕ್ಕೆ ಹತ್ತಬಲ್ಲುದು. ಬಿಡದ ಜ್ವರ, ಕಪ್ಪು ಮಲ, ತೊದಲುವ ಮಾತು, ಸೋಲುವ ಕೈಕಾಲು, ಇದ್ದಕ್ಕಿದ್ದಂತೆ ಏರಿದ ಉಬ್ಬಸ, ಕವಾಟದ ಟಿಕ್‌ಟಿಕ್ ಸದ್ದು ಮಂಕಾಗುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಬಾರದು. ರುಮ್ಯಾಟಿಕ್ ಜ್ವರದ ರೋಗಿಗಳಲ್ಲಿ ಅನೇಕರಿಗೆ ಕವಾಟ ಬದಲಾದ ಮೇಲೂ ಮೂರು ನಾಲ್ಕು ವಾರಗಳಿಗೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ಬೇಕಾಗುವುದೆಂಬುದನ್ನೂ ಮರೆಯಬಾರದು.

ಖರ್ಚಿನ ಮಾತು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯು ಬಡಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯನ್ನು ಒದಗಿಸಿತು. ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವನ್ನು ಮೊದಲೇ ಪಡೆದು ಹೊರಡುವುದು ವಿವೇಕ. ಸರ್ಕಾರದವರು ಮಾಡಿದ ಈ ಕಾರ್ಯವನ್ನು ನಾವು ಮನಃಪೂರ್ವಕವಾಗಿ ಶ್ಲಾಘಿಸುತ್ತೇವೆ. ಆದರೆ ಕವಾಟಕ್ಕೆ ಹಣ ಕೊಟ್ಟು, ಅದನ್ನು ಕಾಯುವ ರಕ್ತಪರೀಕ್ಷೆಯನ್ನು ಬಡವನ ಮೇಲೆಯೇ ಬಿಡುವುದು ತೋಟ ಹಾಕಿ ಬೇಲಿ ಮರೆತಂತೆ. ಬೆರಳಿನ ಒಂದು ಹನಿ ರಕ್ತದಿಂದ ನಿಮಿಷದಲ್ಲಿ ಅಂಕಿ ತಿಳಿಸುವ ಕೈಯಳತೆಯ ಯಂತ್ರಗಳು ಇಂದು ಇವೆ. ಮೂಡಿಗೆರೆ, ಕಳಸ, ಕೊಪ್ಪ, ಶೃಂಗೇರಿಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಎಲ್ಲೆಲ್ಲಿ ಈ ಪರೀಕ್ಷೆಗೆ ಅನುಕೂಲವಿಲ್ಲವೋ ಅಲ್ಲೆಲ್ಲ ಒಂದೊಂದು ಯಂತ್ರವನ್ನಿಟ್ಟು, ಮಾತ್ರೆಯನ್ನೂ ಪೆನಿಸಿಲಿನ್ನನ್ನೂ ತಪ್ಪದೆ ಒದಗಿಸುವುದು ದೊಡ್ಡ ವೆಚ್ಚದ ಮಾತಲ್ಲ. ತೋಟದ ಕಾರ್ಮಿಕನ ವೈದ್ಯಸೌಕರ್ಯವು ಯಜಮಾನನ ಹೊಣೆಯೆಂದು 1951ರ ಕಾಯಿದೆಯೇ ಸಾರಿತು. ಕಾಫಿಯ ಧಾರಣೆ ಚೆನ್ನಾಗಿರುವ ವರ್ಷಗಳಲ್ಲಿ ಪ್ಲಾಂಟರುಗಳ ಸಂಘಗಳು ಈ ಕಾರ್ಯಕ್ಕೆ ಕೈಜೋಡಿಸಿದರೆ ಯಂತ್ರಗಳಿಗಾಗಿ ಸರ್ಕಾರದ ಮುಖ ನೋಡಬೇಕಾಗಿಯೂ ಇಲ್ಲ. ಮುಂದಿನ ಮುಂಗಾರಿನೊಳಗಾಗಿ ಇಷ್ಟನ್ನು ನಡೆಸಿಕೊಡಬೇಕೆಂದು ಜಿಲ್ಲೆಯ ಅಧಿಕಾರಿಗಳನ್ನೂ ಮಹಾಜನರನ್ನೂ ನಾವು ಪ್ರಾರ್ಥಿಸುತ್ತೇವೆ.