ಅಪ್ಪನ ಜನತಾ ವಾಚು ಮತ್ತು ನಾನು ಮಾಡಿದ ತಪ್ಪು

ಮೊನ್ನೆ ಗೆಳೆಯನೊಬ್ಬ ಒಂದು ವಾಚಿನ ಫೋಟೋ ಕಳಿಸಿದ್ದ. ಟೈಟನ್ ಕಂಪನಿ 2025ರಲ್ಲಿ ತಂದ 'ನೆಬ್ಯುಲಾ ಜಲ್ಸಾ'. ಡಯಲ್ ಮೇಲೆ ಜೈಪುರದ ಕಲಾವಿದ ಶಾಕಿರ್ ಅಲಿಯವರ ಪುಟಾಣಿ ಚಿತ್ರ, ಮಾಡಿದ್ದು ಬರೀ ಹತ್ತೇ ಹತ್ತು, ಬೆಲೆ ನಲವತ್ತು ಲಕ್ಷದ ಮೇಲೆ! "ನಿಮ್ಮ ಅಬ್ಬಿಗೇರಿಯಲ್ಲಿ ಎಷ್ಟು ಎಕರೆ ಹೊಲ ಬರ್ತದಪಾ ಇದಕ್ಕ?" ಅಂತ ಕೆಳಗೆ ಒಂದು ಸಾಲು ಬೇರೆ. ನಕ್ಕು ಸುಮ್ಮನಾದೆ. ಆದರೆ ರಾತ್ರಿ ನಿದ್ದೆ ಬರಲಿಲ್ಲ. ಯಾಕೆ ಅಂತ ಹೇಳ್ತೀನಿ.

ಇಂಥ ಕೆಲಸದ ಬಗ್ಗೆ ನನಗೇನೂ ತಕರಾರಿಲ್ಲ. ಸ್ವಿಸ್ ವಾಚುಗಳ ಮೀನಾಕಾರಿ (ಎನಾಮಲ್) ಡಯಲ್ ಹೇಗೆ ಮಾಡ್ತಾರೆ ಗೊತ್ತಾ? ಬಂಗಾರದ ಕೂದಲೆಳೆಯಂಥ ತಂತಿಯನ್ನು ಬಗ್ಗಿಸಿ ಚಿತ್ರದ ಗೆರೆ ಮಾಡ್ತಾರೆ. ಆ ಗೆರೆಗಳ ನಡುವೆ ಬಣ್ಣದ ಗಾಜಿನ ಪುಡಿ ತುಂಬಿ ಸುಮಾರು 800 ಡಿಗ್ರಿ ಬೆಂಕಿಯಲ್ಲಿ ಸುಡ್ತಾರೆ. ಮತ್ತೆ ತುಂಬೋದು, ಮತ್ತೆ ಸುಡೋದು. ಕೊನೇ ಸಲ ಸುಡುವಾಗ ಒಂದು ಸಣ್ಣ ಬಿರುಕು ಬಿಟ್ಟರೂ ವಾರಗಟ್ಟಲೆ ಮಾಡಿದ ಕೆಲಸ ಕಸದ ಬುಟ್ಟಿಗೆ. ಅಂಥ ಕೈಗೆ ಕೈ ಮುಗೀಬೇಕು. ಆದರೆ ಒಂದು ಮಾತು ಗಮನಿಸಿ, ಆ ಅಲಂಕಾರ ವಾಚಿನ ಜೊತೆಗೇ ಹುಟ್ಟಿದ್ದು.

ಈಗ ನಮ್ಮ ಎಚ್‌ಎಂಟಿ ಕಥೆಗೆ ಬರೋಣ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಾಯದಿಂದ ಬೆಂಗಳೂರಲ್ಲಿ ಶುರುವಾದ ಕಾರ್ಖಾನೆ. ಜನತಾ, ಪೈಲಟ್, ಸೋನಾ... ಮದುವೆಗೆ, ಪರೀಕ್ಷೆ ಪಾಸಾದರೆ, ನಿವೃತ್ತಿಯಾದರೆ ಎಚ್‌ಎಂಟಿ. 2016ರಲ್ಲಿ ಎಚ್‌ಎಂಟಿ ವಾಚಸ್ ಕಂಪನಿ ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿತು. ಆ ಹೊತ್ತಿಗೆ ಜನ ಹಳೇ ವಾಚುಗಳಿಗೆ ಮುಗಿಬಿದ್ದರು. ಬೇಡಿಕೆ ಬಂದ ಕಡೆ ಕಿಲಾಡಿಗಳೂ ಬರ್ತಾರಲ್ಲ! ಎಲ್ಲಿಂದಲೋ ಒಂದು ಹಳೇ ಕೇಸು, ಇನ್ನೆಲ್ಲಿಂದಲೋ ಒಂದು ಮಷೀನು, ಅದರ ಮೇಲೆ ಹೊಸದಾಗಿ ಪೇಂಟ್ ಹೊಡೆದ ಕೆಂಪು, ಹಸಿರು, ನೀಲಿ ಡಯಲ್. ಎಚ್‌ಎಂಟಿ ಯಾವತ್ತೂ ಮಾಡದ ಬಣ್ಣ, ಮಾಡದ ಚಿತ್ರ. ಅದನ್ನು 'ಅಪರೂಪದ್ದು' ಅಂತ ಪರದೇಶಕ್ಕೆಲ್ಲ ಮಾರೋದು. ಸಂಗ್ರಹಕಾರರು ಇವಕ್ಕೆ 'ಮುಂಬೈ ಸ್ಪೆಷಲ್' ಅಂತ ಹೆಸರಿಟ್ಟಿದ್ದಾರೆ.

ಬೈಯೋಕೆ ನನಗೆ ಬಾಯಿಲ್ಲ. ಯಾಕಂದ್ರೆ ನಾನೂ ಅದನ್ನೇ ಮಾಡಿಸಿದವನು.

ಅಪ್ಪ ಪ್ರಾಥಮಿಕ ಶಾಲೆ ಮಾಸ್ತರು. 1989ರಲ್ಲಿ ನಿವೃತ್ತರಾದಾಗ ಊರವರು ಪಟ್ಟಿ ಹಾಕಿ ಒಂದು ಜನತಾ ವಾಚು ಕೊಟ್ಟರು. ಹಿಂದೆ ಹೆಸರು ಕೊರೆಸಿದ್ದು ಪತ್ತಾರರ ಹತ್ತಿರ ಅಲ್ಲ, ಬಾಂಡೆ ಅಂಗಡಿಯಲ್ಲಿ. ಕೊಡಪಾನದ ಮೇಲೆ ಹೆಸರು ಹಾಕೋ ಅದೇ ಗುರ್ ಗುರ್ ಅನ್ನೋ ಮಷೀನಿನಲ್ಲಿ. "ಅಬ್ಬಿಗೇರಿ ಗ್ರಾಮಸ್ಥರಿಂದ" ಅಂತ ಬರೆಯುವಾಗ ಜಾಗ ಸಾಲದೆ ಕೊನೇ ಎರಡು ಅಕ್ಷರ ಕುರಿಮರಿ ಹಾಗೆ ಒಂದರ ಮೇಲೊಂದು ಹತ್ತಿ ಕೂತಿದ್ದವು. ನಾವು ಮಕ್ಕಳು ಅದನ್ನು ನೋಡಿ ನಗ್ತಿದ್ದೆವು.

ಕೆಲವು ವರ್ಷದ ಹಿಂದೆ ವಾಚು ನಿಂತುಹೋಯ್ತು. ಡಯಲ್ ಹಳದಿ ತಿರುಗಿತ್ತು. ಅಪ್ಪನಿಗೆ ಖುಷಿ ಮಾಡೋಣ ಅಂತ ಒಬ್ಬ ರಿಪೇರಿಯವನಿಗೆ ಕೊಟ್ಟು "ಹೊಸದರ ಹಂಗ ಮಾಡಿಕೊಡ್ರಿ" ಅಂದೆ. ಮಾತು ಉಳಿಸಿಕೊಂಡ, ಪುಣ್ಯಾತ್ಮ. ಬಿಳಿ ಡಯಲ್ ಹೋಗಿ ಮಿರಮಿರ ನೀಲಿ ಬಂದಿತ್ತು. ಹಿಂದಿನ ಮುಚ್ಚಳ ಕನ್ನಡಿ ಹಾಗೆ ಹೊಳೀತಿತ್ತು, ಒಂದಕ್ಷರವೂ ಇಲ್ಲದೆ.

ಅಪ್ಪ ಕಿವಿಗೆ ಹಿಡಿದು ಟಿಕ್ ಟಿಕ್ ಕೇಳಿದರು. ತಿರುಗಿಸಿ ಹಿಂದೆ ಹೆಬ್ಬೆರಳಾಡಿಸಿದರು. "ಚಲೋ ಮಾಡ್ಯಾರ. ಖರೆ, ಇದು ನಂದಲ್ಲ ಬಿಡಪಾ" ಅಂದರು. ಆಮೇಲೆ ಅದನ್ನು ಕಟ್ಟಲೇ ಇಲ್ಲ.

ನಮ್ಮ ಕಡೆ ಇದು ವಾಚಿಗೆ ಮಾತ್ರ ಅಂಟಿದ ರೋಗವಲ್ಲ. ಲಕ್ಕುಂಡಿ, ಸೂಡಿಯಂಥ ಕಲ್ಲಿನ ಕೆತ್ತನೆ ಇರೋ ಸೀಮೆ ನಮ್ಮದು. ಆದರೆ ಎಷ್ಟೋ ಊರ ಹಳೇ ಗುಡಿಗಳಿಗೆ ಹೋಗಿ ನೋಡಿ, ಜೀರ್ಣೋದ್ಧಾರದ ಹೆಸರಲ್ಲಿ ಕಂಬಕ್ಕೆಲ್ಲ ದಪ್ಪಗೆ ಆಯಿಲ್ ಪೇಂಟ್. ಉಳಿಯ ಗೆರೆ ಬಣ್ಣದಡಿ ಮುಚ್ಚಿಹೋಗಿರ್ತದೆ. ಅವರದೂ ಭಕ್ತಿಯೇ, ನನ್ನದೂ ಪ್ರೀತಿಯೇ. ಹಾಳು ಮಾಡೋದಕ್ಕೆ ದ್ವೇಷವೇ ಬೇಕು ಅಂತೇನಿಲ್ಲ ನೋಡಿ.

"ಹಂಗಾದ್ರೆ ಕೆಟ್ಟ ವಾಚು ಹಂಗೇ ಇಡಬೇಕಾ?" ಅಂತ ನೀವು ಕೇಳಬಹುದು. ಖಂಡಿತ ಬೇಡ. ಮಷೀನು ಬಿಚ್ಚಿ ತೊಳೆಸಿ, ಎಣ್ಣೆ ಹಾಕಿಸಿ, ಗ್ಲಾಸು ಬದಲಿಸಿ, ಬೆಲ್ಟು ಹೊಸದು ಹಾಕಿಸಿ. ಇವೆಲ್ಲ ಸವೆಯಲಿಕ್ಕೇ ಇರೋವು. ಡಯಲ್ ಮತ್ತು ಹಿಂದಿನ ಬರಹ ಮಾತ್ರ ಮುಟ್ಟಬೇಡಿ. ಒಂದು ವಾಚು ಯಾರದು ಅಂತ ಹೇಳೋದು ಅವೆರಡೇ. ಅಲಂಕಾರ ಬೇಕೇ ಬೇಕು ಅಂದ್ರೆ ಹೊಸ ವಾಚಿಗೆ ಮಾಡಿ. ಸತು ತಾಮ್ರದ ಎರಕದಲ್ಲಿ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪು ಬರಿಸೋ ಬಿದರಿ ಕೆಲಸದವರು ನಮ್ಮಲ್ಲೇ ಇದ್ದಾರೆ. ಅವರ ಕೈಯ ಒಂದು ಡಯಲ್ ಬಂದರೆ ಸಾಲ ಮಾಡಿಯಾದರೂ ತಗೊಳ್ಳೋ ಮೊದಲನೆಯವ ನಾನೇ :)

ಹತ್ತೇ ವಾಚು ಮಾಡಿದ್ದಕ್ಕೆ ಅದು ಅಪರೂಪ ಅಂತಾರೆ. ಅಕ್ಷರ ಒಂದರ ಮೇಲೊಂದು ಹತ್ತಿದ ವಾಚು ಜಗತ್ತಿನಲ್ಲಿ ಒಂದೇ ಇತ್ತು. ಅದನ್ನು ನಾನೇ ದುಡ್ಡು ಕೊಟ್ಟು ಅಳಿಸಿ ಬಂದೆ.

ನಿಮ್ಮ ಮನೆಯಲ್ಲೂ ಟ್ರಂಕಿನಲ್ಲೋ ದೇವರ ಗೂಡಿನಲ್ಲೋ ಒಂದು ಹಳೇ ವಾಚು ಇದ್ದೇ ಇರ್ತದೆ. ಇವತ್ತು ಸಂಜೆ ತೆಗೆದು ಅದರ ಬೆನ್ನು ನೋಡಿ. ಏನು ಬರೆದಿದೆ ಅಂತ ನನಗೂ ಹೇಳ್ತೀರಾ?