ಮಾರ್ಜಾರಕಿಶೋರ ನ್ಯಾಯ: ಬೆಕ್ಕಿನ ಲಸಿಕೆಯ ವಿಷಯವಾಗಿ ಒಂದು ಬಿನ್ನಹ

ಶರಣಾಗತಿಯ ಸ್ವರೂಪವನ್ನು ತಿಳಿಸುವಾಗ ನಮ್ಮ ಶಾಸ್ತ್ರಕಾರರು ಎರಡು ನ್ಯಾಯಗಳನ್ನು ಹೇಳುವುದುಂಟು. ಕೋತಿಯ ಮರಿ ತಾನೇ ತಾಯಿಯ ಹೊಟ್ಟೆಯನ್ನು ಅಪ್ಪಿ ಹಿಡಿಯುತ್ತದೆ. ಅದು ಮರ್ಕಟಕಿಶೋರ ನ್ಯಾಯ. ಬೆಕ್ಕಿನ ಮರಿಯಾದರೋ ಏನನ್ನೂ ಮಾಡಲಾರದು. ತಾಯಿಯೇ ಅದರ ಕೊರಳನ್ನು ಮೆಲ್ಲನೆ ಕಚ್ಚಿ ಒಯ್ಯಬೇಕು. ಅದು ಮಾರ್ಜಾರಕಿಶೋರ ನ್ಯಾಯ. ಇಪ್ಪತ್ತೈದು ವರ್ಷಕಾಲ ತರಗತಿಯಲ್ಲಿ ಇದನ್ನು ವಿವರಿಸಿದ ನನಗೆ ಇದರ ಪೂರ್ಣಾರ್ಥ ತಿಳಿದುದು ಮನೆಯ ಅಟ್ಟದ ಮೇಲೆ.

ಕೆಲವು ವರ್ಷಗಳ ಹಿಂದೆ ಒಂದು ಬೆಕ್ಕು ನನ್ನ ಹಳೆಯ ಪುಸ್ತಕಗಳ ಕಟ್ಟುಗಳ ನಡುವೆ ಮೂರು ಮರಿ ಹಾಕಿತು. ಹಾಲನ್ನವಿಟ್ಟು ಸಾಕಿದೆವು. ಲಸಿಕೆಯ ಮಾತನ್ನು ಯಾರೋ ಎತ್ತಿದಾಗ, "ಹಸುವಿಗೆ ಸರಿ, ನಾಯಿಗೂ ಸರಿ, ಬೆಕ್ಕಿಗೆಂತಹ ಲಸಿಕೆ?" ಎಂದು ನಕ್ಕವನು ನಾನೇ. ಮೂರನೆಯ ತಿಂಗಳಲ್ಲಿ ಒಂದು ಮರಿ ಅನ್ನ ಬಿಟ್ಟಿತು. ವಾಂತಿ, ಭೇದಿ ಕಾಣಿಸಿಕೊಂಡವು. ನೀರಿನ ಬಟ್ಟಲ ಮೇಲೆ ತಲೆಯಿಳಿಸಿ ಕುಳಿತರೂ ಅದು ಕುಡಿಯಲಾರದಾಯಿತು. ವಾರದೊಳಗೆ ಮೂರೂ ಹೋದವು. ಪಶುವೈದ್ಯರಾಗಿದ್ದ ನನ್ನ ಹಳೆಯ ಶಿಷ್ಯರೊಬ್ಬರು, "ಗುರುಗಳೇ, ಎರಡನೆಯ ತಿಂಗಳಿನಲ್ಲೇ ತಂದಿದ್ದರೆ ಉಳಿಯಬಹುದಿತ್ತು" ಎಂದಷ್ಟೇ ಹೇಳಿದರು. ನಮ್ಮ ಉದಾಸೀನ, ಬೆಕ್ಕಿಗೆ ಪ್ರಾಣಸಂಕಟ!

ಆ ವ್ಯಾಧಿಗೆ ಪ್ಯಾನ್‌ಲ್ಯುಕೋಪೀನಿಯಾ ಎಂದು ಹೆಸರು. ಅದರ ವೈರಾಣು ಕರುಳನ್ನು ಕೆಡಿಸಿ, ರೋಗದೊಡನೆ ಹೋರಾಡುವ ಬಿಳಿಯ ರಕ್ತಕಣಗಳನ್ನೇ ಅಡಗಿಸಿಬಿಡುತ್ತದೆ. ಸಾಮಾನ್ಯ ಫಿನಾಯಿಲಿಗೆ ಅದು ಜಗ್ಗದು. ತಿಂಗಳುಗಟ್ಟಲೆ ನೆಲದಲ್ಲಿ ಉಳಿಯಬಲ್ಲದು. ನಮ್ಮ ಪಾದರಕ್ಷೆಗೆ ಅಂಟಿಯೂ ಒಳಗೆ ಬರಬಲ್ಲದು. ಆದುದರಿಂದ "ನಮ್ಮ ಬೆಕ್ಕು ಹೊಸ್ತಿಲು ದಾಟದು" ಎಂಬ ಸಮಾಧಾನಕ್ಕೆ ಆಧಾರವಿಲ್ಲ. ಮಾರ್ಜಾರ ಶಬ್ದ 'ಒರಸು, ಶುಚಿಮಾಡು' ಎಂಬರ್ಥದ ಧಾತುವಿನಿಂದ ಬಂದುದು. ಸದಾ ಮೈ ನೆಕ್ಕಿ ಶುಚಿಯಾಗಿರುವ ಪ್ರಾಣಿ ಅದು. ಆದರೆ ರೋಮಕ್ಕಂಟಿದ ವೈರಾಣು ನೆಕ್ಕಿದಾಗ ಬಾಯಿಯ ಮೂಲಕವೇ ಒಳಸೇರುತ್ತದೆ. ಇಲ್ಲಿ ಅದರ ಶುಚಿತ್ವವೂ ಅದನ್ನು ಕಾಯದು.

ಇನ್ನು ನ್ಯಾಯದ ಮಾತಿಗೆ ಬರೋಣ. ಲಸಿಕೆಯಿಂದಲೋ ರೋಗವನ್ನು ಗೆದ್ದೋ ರಕ್ಷೆ ಪಡೆದ ತಾಯಿ, ಮೊಲೆಹಾಲಿನೊಡನೆ ಮರಿಗೆ ಅದನ್ನೂ ಕೊಡುತ್ತದೆ. ಆ ರಕ್ಷೆ ಕೆಲವು ವಾರಗಳಲ್ಲಿ ಕ್ರಮೇಣ ಕರಗುತ್ತದೆ. ಅದು ಕರಗುವ ಕಾಲವೂ ಮರಿ ನಮ್ಮ ಕೈಸೇರುವ ಕಾಲವೂ ಹೆಚ್ಚುಕಡಿಮೆ ಒಂದೇ. ತಾಯಿಯ ಬಾಯಿಂದ ಮರಿಯನ್ನು ತೆಗೆದುಕೊಂಡವನು ತಾಯಿಯ ಹೊಣೆಯನ್ನೂ ತೆಗೆದುಕೊಂಡಂತೆಯೇ ಅಲ್ಲವೆ? ಆ ರಕ್ಷೆ ಇರುವವರೆಗೆ ಲಸಿಕೆ ಚೆನ್ನಾಗಿ ಹತ್ತದು; ಅದು ಯಾವಾಗ ಕರಗಿತೆಂಬುದು ಹೊರಗೆ ಕಾಣದು. ಆದಕಾರಣ 6-8 ವಾರದಲ್ಲಿ ಮೊದಲನೆಯ ಚುಚ್ಚುಮದ್ದು ಹಾಕಿಸಿ, 3-4 ವಾರಕ್ಕೊಮ್ಮೆ 16 ವಾರ ತುಂಬುವವರೆಗೆ ಮರಳಿ ಹಾಕಿಸಬೇಕು. ಬೆಕ್ಕಿನ ನೆಗಡಿಗೆ ಕಾರಣವಾದ ಇನ್ನೆರಡು ವೈರಾಣುಗಳಿಗೂ ಇದರಲ್ಲೇ ತಡೆಯುಂಟು. ನೆಗಡಿಯನ್ನು ಪೂರ್ತಿ ತಡೆಯದಿದ್ದರೂ ಅದರ ಉಗ್ರತೆಯನ್ನು ತಗ್ಗಿಸುತ್ತದೆ. ಮುಂದಿನ ಅವಧಿಯನ್ನು ವೈದ್ಯರು ಹೇಳುತ್ತಾರೆ.

ಹುಚ್ಚುನಾಯಿ ರೋಗದ ಲಸಿಕೆ ಬೇರೆ. 12 ವಾರದ ಬಳಿಕ ಅದನ್ನು ಹಾಕಿಸುತ್ತಾರೆ. ಹುಚ್ಚು ಹಿಡಿದ ನಾಯಿ ಕಚ್ಚಿದ ಬೆಕ್ಕಿಗೂ ಆ ರೋಗ ಬರುತ್ತದೆ. ಅದರಿಂದ ಮಗುವಿಗೂ ಬರಬಹುದು. ಲಕ್ಷಣ ಕಂಡ ಮೇಲೆ ಬದುಕುವುದು ಅತಿ ವಿರಳ. ಬೈಗುಳಕ್ಕೆ ಹೆದರಿ ಮಕ್ಕಳು ಪರಚಿದ ಗಾಯವನ್ನು ಮುಚ್ಚಿಡುತ್ತಾರೆ. ಕಚ್ಚಿದ, ಪರಚಿದ ಗಾಯವನ್ನು ಸಾಬೂನಿನಿಂದ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ವೈದ್ಯರಲ್ಲಿಗೆ ಹೋಗಬೇಕೆಂಬುದನ್ನು ಪ್ರತಿ ಉಪಾಧ್ಯಾಯರೂ ಒಮ್ಮೆ ತರಗತಿಯಲ್ಲಿ ಹೇಳಲಿ.

ಲಸಿಕೆ ನಮಗೆ ಹೊಸದೇನಲ್ಲ. ಮೈಲಿ ಹಾಕಿಸಿದ ಗುರುತು ನಮ್ಮ ಹಿರಿಯರ ತೋಳಿನಲ್ಲಿತ್ತು. 1980ರಲ್ಲಿ ಸಿಡುಬು ಲೋಕದಿಂದ ತೊಲಗಿತೆಂದು ಸಾರಲಾಯಿತು. ದನಗಳನ್ನು ಹಿಂಡುಹಿಂಡಾಗಿ ಕೊಲ್ಲುತ್ತಿದ್ದ ದೊಡ್ಡರೋಗವೂ 2011ರಲ್ಲಿ ಹಾಗೆಯೇ ತೊಲಗಿತು. ಉಳುವ ಎತ್ತಿಗೆ, ಕರೆಯುವ ಹಸುವಿಗೆ ಲಸಿಕೆ ಹಾಕಿಸಿದೆವು. ಅವುಗಳಿಂದ ನಮಗೆ ಲಾಭವಿತ್ತು. ಬೆಕ್ಕಿನಿಂದ ಅಂತಹ ಲಾಭವಿಲ್ಲವೆಂದು ಕೈಬಿಟ್ಟರೆ, ನಾವು ದಯೆಯೆಂದುಕೊಂಡದ್ದು ಕೇವಲ ವ್ಯವಹಾರವಾಗಿತ್ತೆಂದೇ ಅರ್ಥ.

ಖರ್ಚಿನ ಮಾತು ಸುಳ್ಳಲ್ಲ. ಅದಕ್ಕಾಗಿಯೇ ಈ ಬಿನ್ನಹ: ವರ್ಷಕ್ಕೊಂದು ದಿನ ಶಾಲೆಯ ಅಂಗಳದಲ್ಲಿ ಸಾಕುಬೆಕ್ಕುಗಳಿಗೆ ಲಸಿಕೆ ಹಾಕಿಸುವ ಏರ್ಪಾಡಾಗಲಿ. ಪಶುವೈದ್ಯರಾಗಿರುವ ಹಳೆಯ ವಿದ್ಯಾರ್ಥಿಗಳು ಬರಲಿ. ದಾನಿಗಳು ಮದ್ದಿನ ವೆಚ್ಚವನ್ನು ಹೊರಲಿ. ಮಕ್ಕಳು ತಮ್ಮ ಬೆಕ್ಕನ್ನು ಬುಟ್ಟಿಯಲ್ಲಿ ಹೊತ್ತು ತರಲಿ.

ಈಗ ನಮ್ಮ ಮನೆಯಲ್ಲಿರುವ ಬೆಕ್ಕಿಗೆ ಎಲ್ಲ ಲಸಿಕೆಗಳೂ ಆಗಿವೆ. ಅದು ಅಟ್ಟವೇರಿ ಆ ಪುಸ್ತಕಗಳ ಮೇಲೆ ಮಲಗಿದಾಗಲೆಲ್ಲ ಆ ಮೂರು ಮರಿಗಳ ನೆನಪಾಗುತ್ತದೆ.